ಬಲಗೈಯ ಚಿತ್ರ

ಚಿಕ್ಕಮ್ಮ ಮೂರನೆಯ ಸಲ ಒದ್ದೆಬಟ್ಟೆಗೆ ಸೋಪು ಹಚ್ಚಿಕೊಂಡು ಉಜ್ಜಿದಳು. ಸತ್ತವಳ ಬಲಗೈಯ ಅಂಚಿನಲ್ಲಿ, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಪೆನ್ಸಿಲಿನ ಬೂದುಬಣ್ಣ ಕೂತಿತ್ತು. ಕಾಗದದ ಮೇಲೆ ಕೈಯೂರಿ ವರ್ಷಗಟ್ಟಲೆ ಚಿತ್ರ ಬರೆದವರಿಗೆ ಅಂಟುವ ಬಣ್ಣ ಅದು. ಚರ್ಮದ ಗೆರೆಗೆರೆಯಲ್ಲೂ ಇಳಿದಿತ್ತು. ಆದರೆ ಪಾತ್ರೆಯಾಗಲಿ ನೆಲವಾಗಲಿ, ಕಲೆ ತೆಗೆಯುವುದರಲ್ಲಿ ಚಿಕ್ಕಮ್ಮನದು ಎತ್ತಿದ ಕೈ.

"ಅಂತೂ ಹೋಯ್ತು," ಎಂದಳು. "ನೋಡಕ್ಕಾ, ಎಷ್ಟು ಬೆಳ್ಳಗಾಯ್ತು ಕೈ."

ಒಗೆದ ಹೊದಿಕೆ ಹಿಡಿದು ಒಳಗೆ ಬಂದ ತಾಯಿ ಮಗಳ ಕೈ ನೋಡಿ ನಿಂತುಬಿಟ್ಟಳು.

"ಅದನ್ನ ಯಾಕೆ ತೆಗೆದೆ?"

"ಕೊಳೆ ಅಲ್ವೇನಕ್ಕಾ?"

"ಅವಳ ಕೈ ಇದ್ದಿದ್ದೇ ಹಾಗೆ."

ಚಿಕ್ಕಮ್ಮ ಬಕೆಟ್ಟಿನ ನೀರು ನೋಡಿದಳು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಆದರೆ ಅಕ್ಕ ಬೈಯಲೂ ಇಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಆ ಮನೆಯ ಮುಂದಿನ ಕೋಣೆಯೇ ತಾಯಿಯ ಹೊಲಿಗೆ ಅಂಗಡಿ. ಎರಡು ಮಷಿನು, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜನ್ನೇ ಕಿಟಕಿಯ ಪಕ್ಕಕ್ಕೆ ಎಳೆದು ಮಗಳನ್ನು ಮಲಗಿಸಿದ್ದರು. ಮೂವತ್ತೊಂದು ವರ್ಷ. ಚಿಕ್ಕಂದಿನ ಜ್ವರಕ್ಕೆ ಕೆಟ್ಟಿದ್ದ ಹೃದಯದ ಕವಾಟ ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸೋತುಹೋಗಿತ್ತು.

"ವ್ಯಾನ್ ಬಂತು," ಎನ್ನುತ್ತ ಅವಳ ಅಣ್ಣ ಬಾಗಿಲಿಗೆ ಬಂದ. ಅವನು ಬಸ್ ಡ್ರೈವರ್. ನಿನ್ನೆ ಡ್ಯೂಟಿಯಿಂದ ಓಡಿ ಬಂದವನು ಇನ್ನೂ ಖಾಕಿ ಅಂಗಿಯಲ್ಲೇ ಇದ್ದ. "ನೀನು ಮಾತಾಡೋದು ಬೇಡಮ್ಮ. ನಾನೇ ವಾಪಸ್ ಕಳಿಸ್ತೀನಿ."

ವ್ಯಾನು ಮೆಡಿಕಲ್ ಕಾಲೇಜಿನದು. ಮಗಳು ಅಲ್ಲಿ, ಶವ ಕೊಯ್ದು ಕಲಿಸುವ ವಿಭಾಗದಲ್ಲಿ, ಒಂಬತ್ತು ವರ್ಷ ಚಿತ್ರ ಬರೆಯುವ ಕೆಲಸ ಮಾಡಿದ್ದಳು. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದನ್ನು ವಿದ್ಯಾರ್ಥಿಗಳಿಗೂ ಕಲಿಸುತ್ತಿದ್ದಳು. ಎರಡು ವರ್ಷದ ಹಿಂದೆ ಯಾರಿಗೂ ಹೇಳದೆ, ತನ್ನ ದೇಹವನ್ನು ಅದೇ ವಿಭಾಗಕ್ಕೆ ಬರೆದುಕೊಟ್ಟಿದ್ದಳು. ಮನೆಯವರಿಗೆ ಗೊತ್ತಾಗಿದ್ದು ನಿನ್ನೆ. ತಾಯಿಯ ಸಹಿ ಇಲ್ಲದಿದ್ದರೆ ಕಾಲೇಜು ಒಯ್ಯುವುದಿಲ್ಲ. ತಾಯಿ ನಿನ್ನೆಯಿಂದ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಕಾಲೇಜಿನ ಹಳೆಯ ಅಟೆಂಡರ್ ಚಪ್ಪಲಿ ಬಿಟ್ಟು ಒಳಗೆ ಬಂದ. "ಅವಸರ ಮಾಡ್ತಿಲ್ಲಮ್ಮ. ಆದ್ರೆ ಹನ್ನೊಂದೂವರೆಗೆ ಇಲ್ಲಿಂದ ಹೊರಡ್ಲೇಬೇಕು. ತಡ ಆದ್ರೆ ಅಲ್ಲಿ ತಗೊಳ್ಳಲ್ಲ. ಆಮೇಲೆ ನೀವು ಒಪ್ಪಿದ್ರೂ ಪ್ರಯೋಜನ ಇಲ್ಲ."

ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಅವನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಎದೆಗೆ ಒಂದು ಡ್ರಾಯಿಂಗ್ ಹಲಗೆ ಅವುಚಿಕೊಂಡಿದ್ದಳು. "ಮೇಡಂ ಹಲಗೆ," ಎಂದಳು. "ಕ್ಲಾಸಲ್ಲೇ ಉಳಿದಿತ್ತು. ಮನೆಗೆ ಕೊಡೋಣ ಅಂತ…"

ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಕೋಳಿಕಾಲು ಅಲ್ವಾ? ಅವಳು ಹೇಳ್ತಿದ್ಲು."

ಹುಡುಗಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಹೌದಮ್ಮ. ನಾನೇ."

* * *

ಮಗಳಿಗೆ ಎಂಟು ವರ್ಷವಿದ್ದಾಗ ಆ ಜ್ವರ ಬಂದದ್ದು. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ ಮೇಲೆ ತಾಯಿ ಅವಳ ಹಾಸಿಗೆಯನ್ನೇ ಮೇಜಿನ ಪಕ್ಕಕ್ಕೆ ತಂದಿದ್ದಳು. ಹೊಲಿಯುತ್ತ ಒಂದು ಕಣ್ಣಿಡಬಹುದಲ್ಲ. ಮಗಳು ಬೇಜಾರಿಗೆ, ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದದ ಚೂರುಗಳ ಮೇಲೆ ತನ್ನ ಎಡಗೈಯನ್ನು ಬರೆಯತೊಡಗಿದಳು. ಎಡಗೈ ಎಲ್ಲಿಗೂ ಎದ್ದುಹೋಗುವುದಿಲ್ಲ, ಸಾಕು ಅನ್ನುವುದಿಲ್ಲ.

ಮೊದಲ ಚಿತ್ರವನ್ನು ತಾಯಿ ಗಿರಾಕಿಯ ರವಿಕೆ ನೋಡಿದ ಹಾಗೆ ನೋಡಿದಳು. "ಹೆಬ್ಬೆರಳು ತಪ್ಪು ಜಾಗದಲ್ಲಿ ಕೂತಿದೆ. ತೋಳು ಕಂಕುಳಲ್ಲಿ ಕೂರಬೇಕು, ಬೆನ್ನಲ್ಲಿ ಕೂತ್ರೆ ಯಾರು ಹಾಕ್ಕೋತಾರೆ? ಬಿಚ್ಚಿ ಮತ್ತೆ ಹೊಲಿ."

"ಚೆನ್ನಾಗಿದೆ ಅಂತ ಒಂದ್ಸಲ ಹೇಳಮ್ಮ!"

"ಚೆನ್ನಾಗಾದಾಗ ಹೇಳ್ತೀನಿ."

ಟೇಪು ತೆಗೆದು ಮಗಳ ನಡುಬೆರಳು ಅಳೆದಳು, ಆಮೇಲೆ ಕಾಗದದ ಬೆರಳು. ಅರ್ಧ ಇಂಚು ವ್ಯತ್ಯಾಸ. ಮಗಳು ಮುನಿಸಿಕೊಂಡು ಆ ಕಾಗದವನ್ನು ಕತ್ತರಿಸಲು ಹೋಗಿ ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಗಾಯ ಮಾಡಿಕೊಂಡಳು. ಮೂರು ಹೊಲಿಗೆ ಬಿತ್ತು. ಮುಂದೆ ಬರೆದ ಪ್ರತಿ ಎಡಗೈಯಲ್ಲೂ ಆ ಕೊಂಕು ಗುರುತನ್ನು ಅವಳು ಬಿಡದೆ ಬರೆದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದದ್ದೊಂದಕ್ಕೆ ತಾಯಿ ಟೇಪು ತೆಗೆಯಲಿಲ್ಲ. "ಚೆನ್ನಾಗಿದೆ," ಎಂದಳು. ಮಗಳು ಆ ಚಿತ್ರವನ್ನು ದೊಡ್ಡದಾಗಿ ಬರೆದು ಮುಂದೆ ಕಾಲೇಜಿನ ಗೋಡೆಗೆ ಹಾಕಿದಳು.

* * *

"ಒಂದು ಮಾತು ಕೇಳ್ತೀನಿ, ಸತ್ಯ ಹೇಳು," ಅಣ್ಣ ಹುಡುಗಿಯ ಎದುರು ಬಂದು ನಿಂತ. "ನನ್ನ ತಂಗೀನ ಕೊಯ್ಯೋರು ಯಾರು? ನೀನೇನಾ?"

"ಅಲ್ಲ ಅಣ್ಣ. ನನ್ನ ಮೊದಲನೇ ವರ್ಷ ಮುಗೀತು. ಹೊಸದಾಗಿ ಸೇರೋರು…"

"ಅವರಿಗೆ ಇವಳು ಯಾರು ಅಂತ ಗೊತ್ತಿರುತ್ತಾ?"

ಹುಡುಗಿ ಸುಳ್ಳು ಹೇಳಬಹುದಿತ್ತು. "ಇಲ್ಲ. ಹೆಸರು ಹೇಳಲ್ಲ. ಒಂದು ನಂಬರ್ ಇರುತ್ತೆ."

"ಕೇಳಿದ್ಯಾಮ್ಮ? ನಂಬರ್!" ಅಣ್ಣ ತಾಯಿಯ ಕಡೆ ತಿರುಗಿದ. "ಹದಿನಾರು ವರ್ಷದಿಂದ ಯಾರು ಯಾರನ್ನೋ ಹುಷಾರಾಗಿ ಅವರವರ ಸ್ಟಾಪಿಗೆ ಇಳಿಸಿದೀನಿ. ನನ್ನ ತಂಗೀನ ಮಾತ್ರ ಗುರುತಿಲ್ಲದವರ ಕೈಗೆ ಕೊಟ್ಟು ಬರ್ಲಾ?"

ಚಿಕ್ಕಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅಟೆಂಡರ್ ಗಡಿಯಾರ ನೋಡಿದ. ಹನ್ನೊಂದಕ್ಕೆ ಐದು ನಿಮಿಷ.

ತಾಯಿ ಮೇಜಿನ ಬದಿಯಲ್ಲಿ ಕೂತು ಮಗಳ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದಿಟ್ಟಳು. ನಿನ್ನೆಯಿಂದ ಅವಳಿಗಿದ್ದ ಭಯ ಇದೊಂದೇ: ಈ ಕೈಯನ್ನು ಯಾರೋ ಬರೀ ಮಾಂಸ, ಮೂಳೆ ಅಂತ ನೋಡುತ್ತಾರೆ. ಕೊಡದಿದ್ದರೆ ಮಗಳ ಮಾತು ಮೀರಿದ ಹಾಗೆ. ಕೊಟ್ಟರೆ ಮಗಳನ್ನು ಎಸೆದ ಹಾಗೆ.

"ಕೋಳಿಕಾಲು, ಬಾ ಇಲ್ಲಿ," ಎಂದಳು. "ಹಲಗೆ ತಂದಿದ್ದೀಯಲ್ಲ. ಅವಳ ಈ ಕೈ ಬರಿ. ಅವಳು ನಿಮಗೆ ನೋಡೋದು ಕಲಿಸಿದ್ದು ನಿಜ ಆಗಿದ್ರೆ ನಾನು ಸಹಿ ಹಾಕ್ತೀನಿ. ಇಲ್ಲ ಅಂದ್ರೆ ಇಲ್ಲ."

"ಈಗಲಾ?" ಅಟೆಂಡರ್ ಹೌಹಾರಿದ. "ಅಮ್ಮಾ, ಟೈಮು…"

"ಈಗಲೇ."

* * *

ಅದಕ್ಕೆ ಹತ್ತು ತಿಂಗಳ ಹಿಂದೆ ಮೊದಲ ತರಗತಿ. "ಪೆನ್ಸಿಲ್ ಕೆಳಗಿಡಿ," ಎಂದಿದ್ದಳು ಡ್ರಾಯಿಂಗ್ ಮೇಡಂ. "ಐದು ನಿಮಿಷ ನಿಮ್ಮ ಎಡಗೈನ ಬರೀ ನೋಡಿ." ಡಾಕ್ಟರಾಗಲು ಬಂದವರು ಕಿಸಕ್ಕನೆ ನಕ್ಕಿದ್ದರು. ಐದು ನಿಮಿಷ ಎಷ್ಟು ಉದ್ದ ಎಂದು ಅವರಿಗೆ ಅವತ್ತೇ ಗೊತ್ತಾದದ್ದು.

ಆಮೇಲೆ ಮೇಜಿನಿಂದ ಮೇಜಿಗೆ ಬಂದು ಈ ಹುಡುಗಿಯ ಹಾಳೆಯ ಎದುರು ನಿಂತಳು. "ಇದೇನು, ಕೋಳಿಕಾಲಾ?" ತರಗತಿ ಗೊಳ್ಳೆಂದಿತು. ಹುಡುಗಿಯ ಕಣ್ಣು ತುಂಬಿದ್ದು ಕಂಡ ಮೇಡಂ ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. "ಅಳಬೇಡ್ವೇ. ನಿನ್ನ ಕೈಯಲ್ಲೇನೂ ತಪ್ಪಿಲ್ಲ. ಎದುರಿಗಿರೋ ಕೈ ಬಿಟ್ಟು, ನಿನಗೆ ಗೊತ್ತಿರೋ ಕೈ ಬರೆದೆ. ಗೊತ್ತಿರೋದು ಸ್ವಲ್ಪ ಪಕ್ಕಕ್ಕೆ ಇಡು."

ಗೋಡೆಯ ಮೇಲೆ ಆ ದೊಡ್ಡ ಎಡಗೈ. ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಚೌಕಟ್ಟು. ಯಾರೋ ಯಾಕೆಂದು ಕೇಳಿದರು.

"ಅದು ಬಲಗೈದು," ಮೇಡಂ ತನ್ನ ಬಲಗೈ ಎತ್ತಿ ತೋರಿಸಿ ನಕ್ಕಳು. "ಇದು ಯಾವಾಗ್ಲೂ ಕೆಲಸದಲ್ಲಿರುತ್ತೆ, ನೋಡಿ. ಬರೆಯೋ ಕೈನ ಬರೆಯೋಕೆ ಇನ್ನೊಬ್ಬರು ಬೇಕು. ನಿಮ್ಮಲ್ಲಿ ಯಾರಾದ್ರೂ ಕಲೀರಿ, ಅಲ್ಲಾಡದೆ ಕೂತ್ಕೋತೀನಿ."

ಹೋದ ತಿಂಗಳು ಅವಳೇ ಬಾಯಿಬಿಟ್ಟು ಕೇಳಿದ್ದಳು: "ಕೋಳಿಕಾಲು, ಯಾವಾಗ ಕೂತ್ಕೊಳ್ಳಲಿ?" ಪರೀಕ್ಷೆ ಮುಗಿಯಲಿ ಮೇಡಂ, ಎಂದಿದ್ದಳು ಹುಡುಗಿ. ಪರೀಕ್ಷೆ ಮುಗಿದು ನಿನ್ನೆಗೆ ನಾಲ್ಕು ದಿನ.

* * *

ಹುಡುಗಿ ಸ್ಟೂಲಿನ ಮೇಲೆ ಕೂತು ಅವಸರವಸರವಾಗಿ ಬರೆದಳು. ಹನ್ನೊಂದೂ ಹತ್ತಕ್ಕೆ ಹಲಗೆಯನ್ನು ತಾಯಿಯ ಕೈಗೆ ಕೊಟ್ಟಳು. ಚಿಕ್ಕಮ್ಮ ಇಣುಕಿ, "ಅಯ್ಯೋ, ತದ್ರೂಪ!" ಎಂದಳು.

ತಾಯಿ ಬೆರಳಿಟ್ಟು ತೋರಿಸಿದಳು. "ಇದೇನು?"

ಹೆಬ್ಬೆರಳಿನ ಬುಡದಲ್ಲಿ ಒಂದು ಕೊಂಕು ಗುರುತು.

"ಕತ್ತರಿ ತಾಗಿದ ಗಾಯ ಇದು. ಬಲಗೈಯಲ್ಲಿ ಎಲ್ಲಿದೆ, ತೋರಿಸು."

ಹುಡುಗಿ ಮೇಜಿನ ಮೇಲಿದ್ದ ಕೈ ನೋಡಿದಳು. ಇಲ್ಲ. ಹತ್ತು ತಿಂಗಳು ದಿನಾ ನೋಡಿದ ಗೋಡೆಯ ಎಡಗೈಯನ್ನೇ ಅವಳು ಎಡಬಲ ತಿರುಗಿಸಿ ಬರೆದಿದ್ದಳು. ಎದುರಿಗಿದ್ದ ಕೈಯ ಕಡೆಗೆ ಕಣ್ಣೆತ್ತಿಯೂ ಇರಲಿಲ್ಲ.

"ಮುಗೀತಲ್ಲ," ಅಣ್ಣ ಬಾಗಿಲಿನತ್ತ ಹೊರಟ. "ವ್ಯಾನು ತಿರುಗಿಸೋಕೆ ಹೇಳ್ತೀನಿ."

"ನಿಲ್ಲೋ," ಎಂದಳು ತಾಯಿ. ಹುಡುಗಿಯ ಕಡೆ ತಿರುಗಿ, "ನನ್ನ ಮಗಳು ಕಣ್ಣೆದುರಿಗೇ ಇದಾಳೆ. ನೀನು ಎಲ್ಲಿ ನೋಡ್ತಿದ್ದೆ?"

"ನೋಡೋಕಾಗ್ತಿಲ್ಲಮ್ಮ." ಹುಡುಗಿ ಬಿಕ್ಕಿದಳು. "ಮೇಡಂ ಕೈ ಅದು. ನೋಡೋಕಾಗ್ತಿಲ್ಲ."

"ನನಗೂ ಆಗ್ತಿಲ್ಲ. ನೋಡು."

ಹುಡುಗಿ ಹೊಸ ಹಾಳೆ ಸಿಕ್ಕಿಸಿದಳು. ಪೆನ್ಸಿಲನ್ನು ನೆಲದ ಮೇಲಿಟ್ಟಳು. ಎರಡೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಅಟೆಂಡರಿಗೆ ಜೀವ ಹೋಗಿ ಬಂದಂತಾಯಿತು. ಒಂದು ನಿಮಿಷ. ಎರಡು. ಅವನು ಗಡಿಯಾರ ನೋಡಿದ, ತಾಯಿಯ ಮುಖ ನೋಡಿದ. ಕಿಟಕಿಯ ಪರದೆಗೆ ಒಂದು ಕಡೆ ಕೊಕ್ಕೆ ಇರಲಿಲ್ಲ. ಗಾಳಿಗೆ ಅದು ಜಾರಿ ಬಂದು ಕೈಯ ಮೇಲೆ ನೆರಳು ಹಾಕುತ್ತಿತ್ತು.

"ಬೆಳಕು," ಎಂದಳು ಹುಡುಗಿ, ಯಾರಿಗೆಂದಿಲ್ಲದೆ.

ಯಾರೂ ಅಲ್ಲಾಡಲಿಲ್ಲ. ಆಮೇಲೆ ಅಣ್ಣ ಕಿಟಕಿಯ ಬಳಿಗೆ ಹೋಗಿ ಪರದೆಯನ್ನು ಎತ್ತಿ ಹಿಡಿದು ನಿಂತ. ಮುಖ ಮಾತ್ರ ರಸ್ತೆಯ ಕಡೆಗಿತ್ತು.

ಐದು ನಿಮಿಷ ಮುಗಿಯುವಾಗ ಹುಡುಗಿಗೆ ಕೈ ಕಾಣತೊಡಗಿತ್ತು. ನಡುಬೆರಳ ಮೊದಲ ಗೆಣ್ಣಿನ ಪಕ್ಕ ಪೆನ್ಸಿಲು ಒತ್ತಿ ಒತ್ತಿ ಎದ್ದ ಗಂಟು. ಒಳಗೆ ಬಾಗಿದ ಕಿರುಬೆರಳು. ತೋರುಬೆರಳಿಗೆ ಮಾತ್ರ ಬುಡದವರೆಗೆ ಕತ್ತರಿಸಿದ ಉಗುರು. ಸೋಪು ಹಾಕಿ ಉಜ್ಜಿದ ಅಂಚು ಉಳಿದ ಚರ್ಮಕ್ಕಿಂತ ಬಿಳಿ. ಪೆನ್ಸಿಲು ಎತ್ತಿಕೊಂಡಳು. ಈ ಸಲ ಅವಳು ಹಾಳೆಗಿಂತ ಹೆಚ್ಚು ಹೊತ್ತು ನೋಡಿದ್ದು ಕೈಯನ್ನೇ. ಅಣ್ಣ ಕೈ ಬದಲಿಸಿದ, ಪರದೆ ಬಿಡಲಿಲ್ಲ.

ಗಡಿಯಾರ ಹನ್ನೊಂದು ಇಪ್ಪತ್ತೆಂಟು ತೋರಿಸುವಾಗ ತಾಯಿ ಹಲಗೆ ತೆಗೆದುಕೊಂಡಳು. ಅಭ್ಯಾಸದಂತೆ ಅವಳ ಕೈ ಕೊರಳಲ್ಲಿದ್ದ ಟೇಪಿಗೆ ಹೋಯಿತು, ಅಲ್ಲೇ ನಿಂತಿತು. ಚಿತ್ರದ ಗಂಟನ್ನು ನೋಡಿದಳು, ಮಗಳ ಬೆರಳಿನ ಗಂಟನ್ನು ಮುಟ್ಟಿದಳು. ಕೈಯಂಚಿನಲ್ಲಿ ಹುಡುಗಿ ಏನೂ ಬರೆಯದೆ ಬಿಟ್ಟ ಬಿಳಿಯ ಪಟ್ಟಿ ನೋಡಿದಾಗ ಅವಳಿಗೆ ತಡೆಯಲಾಗಲಿಲ್ಲ. ನಿನ್ನೆಯಿಂದ ಮೊದಲ ಸಲ ಜೋರಾಗಿ ಅತ್ತಳು.

"ಚೆನ್ನಾಗಿದೆ," ಎಂದಳು. "ಪೆನ್ ಕೊಡಪ್ಪ."

ಅಟೆಂಡರ್ ಫಾರಂ ಹಿಡಿದ. ತಾಯಿ ಸಹಿ ಹಾಕಿ, ಚಿತ್ರವನ್ನು ಬಿಚ್ಚಿ ಅವನ ಕೈಯಲ್ಲೇ ಇಟ್ಟಳು. "ಅವಳು ಹೇಳ್ತಿದ್ದ ಆ ಖಾಲಿ ಚೌಕಟ್ಟಿಗೆ ಇದನ್ನ ಹಾಕಿ. ಹೊಸ ಮಕ್ಕಳು ಬಂದಾಗ, ಕತ್ತರಿ ಮುಟ್ಟೋ ಮುಂಚೆ ಐದು ನಿಮಿಷ ಇದನ್ನ ನೋಡ್ಲಿ. ಹೆಸರು ಹೇಳದಿದ್ರೂ ಪರವಾಗಿಲ್ಲ."

"ಒಂದು ಪ್ರತಿ ನಿಮಗೆ ಬೇಡ್ವಾ ಅಮ್ಮ?" ಎಂದ ಅಟೆಂಡರ್.

"ನೀವು ಹೊರಡಿ. ಹೊತ್ತಾಯ್ತು."

ವ್ಯಾನಿನ ಡ್ರೈವರ್ ಸ್ಟ್ರೆಚರ್ ತಂದ. ಅಣ್ಣ ಪರದೆ ಬಿಟ್ಟು ಬಂದು ಅವನನ್ನು ಪಕ್ಕಕ್ಕೆ ಸರಿಸಿದ. "ತಲೆ ಕಡೆ ನಾನು ಹಿಡೀತೀನಿ. ಗಾಡೀನ ನಿಧಾನಕ್ಕೆ ಓಡಿಸು. ಆ ತಿರುವಲ್ಲಿ ಹಳ್ಳ ಇದೆ."

ಅವರು ಹೊರಗೆ ಹೋದ ಮೇಲೆ ಹುಡುಗಿ ಅಂಗಳದ ನಲ್ಲಿಯ ಹತ್ತಿರ ಹೋದಳು. ನೀರು ಬಿಟ್ಟು ಬಲಗೈ ಚಾಚಲು ಹೋದಳು. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಕೈಯ ಅಂಚು ಬೂದಾಗಿತ್ತು.

ಹಿಂದಿನಿಂದ ಬಂದ ತಾಯಿ ನಲ್ಲಿ ನಿಲ್ಲಿಸಿದಳು. ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಅವಳು ಆ ಕಡೆ ತಿರುಗಲಿಲ್ಲ. ಹುಡುಗಿಯ ಮಣಿಕಟ್ಟು ಹಿಡಿದು, ಒಂದು ಹನಿ ನೀರೂ ತಾಗಿರದ ಆ ಅಂಚನ್ನು ಬೆಳಕಿಗೆ ತಿರುಗಿಸಿಕೊಂಡು ನೋಡುತ್ತ ನಿಂತಳು.