ಮೂರನೇ ಕೂಗು

ಚಟ್ಟ ಎತ್ತಲು ಬಗ್ಗಿದವರನ್ನು ಗದ್ದೆಪ್ಪ ಕೈ ಅಡ್ಡ ಹಿಡಿದು ತಡೆದ.

"ಇನ್ನೊಂದು ಭಜನಿ ಆಗ್ಲಿ. ದೇವದುರ್ಗದ ಬೀಗರು ಬಂದಿಲ್ಲ."

ಬಂಡೆಮ್ಮ ಬದುಕಿದ್ದಾಗ ಮುಖ ಕೊಟ್ಟು ಮಾತಾಡದವನು ಇವತ್ತು ಹಾರ, ಹಲಗೆ ಮೇಳ ಎಲ್ಲ ತಾನೇ ತಂದಿದ್ದ. ಸೊಸೆ ರಾಧಾಗೆ ಅವನ ಹುನ್ನಾರ ತಿಳಿಯಿತು. ಪಂಚಾಯಿತಿ ಚುನಾವಣೆಗೆ ನಾಮಪತ್ರ ಕೊಡಲು ಇವತ್ತು ಮೂರು ಗಂಟೆಯೇ ಕಡೆ. ಹೆಂಗಸರಿಗೆ ಮೀಸಲಾದ ಸೀಟನ್ನು ಹಿರಿಯರು ಗುಡಿಕಟ್ಟೆಯ ಮೇಲೆ ಹರಾಜು ಹಾಕಿ ಅವನ ಹೆಂಡತಿಗೆ ಬಿಟ್ಟಿದ್ದರು. ಬೇರೆ ಯಾರೂ ನಿಲ್ಲದಿದ್ದರೆ ವೋಟೇ ಇಲ್ಲ. ಅತ್ತೆಯ ಬದಲು ತಾನು ನಿಲ್ಲಬೇಕೆಂದಿದ್ದಳು ರಾಧಾ; ಆದರೆ ಹೆಣ ಮನೆಯಲ್ಲಿರುವ ತನಕ ಸೊಸೆ ಹೊಸ್ತಿಲು ದಾಟುವಂತಿಲ್ಲ.

"ಬೀಗರು ಊರ ಅಗಸಿ ಮುಂದ ಆಟೋ ಇಳಿಯಾಕತ್ತಾರ," ಎಂದಳು ಪಕ್ಕದ ಮನೆಯ ಅಕ್ಬರಿ ಬೇಗಂ. "ಇನ್ನೇನು ಗದ್ದೆಪ್ಪ, ನಿನ್ನ ಹೆಸರಿನ್ಯಾಗೂ ಒಂದು ಭಜನಿ ಹಾಡಿಸೋಣೇನು?"

ಅಳುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

*

ಊರಲ್ಲಿ ಮೊದಲ ಸಲ ಸೀಟು ಹರಾಜಾದ ದಿನ, ಹತ್ತಿ ಬಿಡಿಸಿ ಬಂದ ಬಂಡೆಮ್ಮ ಗುಂಪಿನೊಳಗೆ ನುಗ್ಗಿದ್ದಳು.

"ನಿಮ್ಮ ಎಮ್ಮಿ ನೀವು ಮಾರ್ಕೋರಿ. ನನ್ನ ವೋಟು ಮಾರಾಕ ನೀವ್ಯಾರು?"

ಅಂದಿನಿಂದ ಪ್ರತಿ ಸಲ ನಿಂತಳು, ಪ್ರತಿ ಸಲ ಸೋತಳು. ಸೋತ ಸಂಜೆ ಮನೆಮನೆಗೆ ಮಂಡಾಳು, ಅಂದರೆ ಮಂಡಕ್ಕಿ, ಹಂಚಿದಳು.

"ಸೋತದ್ದಕ್ಕ ಯಾರಾರ ಮಂಡಾಳು ಹಂಚ್ತಾರೇನತ್ತಿ?" ಹೊಸದಾಗಿ ಬಂದ ರಾಧಾ ಸಿಡುಕಿದ್ದಳು.

"ಸೋತದ್ದಕ್ಕಲ್ಲ ಬೇ. ವೋಟು ಎಣಿಸಿದ್ರಲ್ಲ, ಅದಕ್ಕ."

*

ಹಾದಿಯ ನಡುವೆ ಚಟ್ಟ ಇಳಿಸಿ, ಮಗ ಮೂರು ಸಲ ಹೆಸರು ಕೂಗುವುದು ಪದ್ಧತಿ. ಕೂಗು ಮುಗಿಯುವ ತನಕ ಹೊತ್ತವರು ಕದಲುವಂತಿಲ್ಲ.

ಪಂಚಾಯಿತಿ ಕಚೇರಿ ಎದುರಿಗೆ ರಾಧಾ, "ಇಲ್ಲೇ ಇಳಿಸ್ರಿ," ಎಂದಳು.

"ಹುಣಸಿ ಗಿಡದ ಕೆಳಗಲ್ಲೇನು ಇಳಿಸೋದು?" ಊರಿಗೆ ಕಾಣಲೆಂದು ಮುಂದೆ ಹೆಗಲು ಕೊಟ್ಟಿದ್ದ ಗದ್ದೆಪ್ಪ ಗುರ್ರೆಂದ.

"ಅತ್ತಿ ಸವೆಸಿದ ಮೆಟ್ಲ ಇವು ಕಾಕಾ."

ಒಳಗೆ, ಬಂಡೆಮ್ಮನಿಗೆ ಯಾವಾಗಲೂ ಸೂಚಕಳಾಗುತ್ತಿದ್ದ ಅಕ್ಬರಿ ಈಗ ರಾಧಾಳ ನಾಮಪತ್ರಕ್ಕೆ ಸಹಿ ಹಾಕಿದಳು. ಮಾನ್ವಿಯಿಂದ ಬಂದಿದ್ದ ಅಧಿಕಾರಿ ಹೋದ ಸಲವೂ ಬಂದವನೇ.

"ಈ ಸಲ ಬಂಡೆಮ್ಮ ಬರಲಿಲ್ಲೇನ್ರಿ?"

"ಬಂದಾಳ್ರೀ. ಹೊರಗ ಮಲಗ್ಯಾಳ," ಎಂದಳು ರಾಧಾ.

ಅವನು ಕಿಟಕಿಯಿಂದ ಇಣುಕಿ, ಎದ್ದು ನಿಂತು, ನಿಂತೇ ಮುದ್ರೆ ಹುಡುಕಿದ. ಹೊರಗಿನಿಂದ ರಾಧಾಳ ಗಂಡ ಹಾಲೇಶನ ದನಿ ಬಂತು. "ಯವ್ವಾ, ಬಂಡೆಮ್ಮಾ..." ತುಸು ಬಿಟ್ಟು ಇನ್ನೊಂದು ಸಲ. ಆಮೇಲೆ ಸದ್ದಿಲ್ಲ.

"ಮೂರನೇದು ಕೂಗಲೇ," ಗದ್ದೆಪ್ಪ ಗದರಿದ.

"ಯವ್ವಗ ಕಿವಿ ಮಂದ ಕಾಕಾ. ಎರಡನೇದು ಮುಟ್ಲಿ, ತಡಿ."

ಮುದ್ರೆ ಬಿತ್ತು. ಬಾಗಿಲಿಗೆ ಬಂದ ಹೆಂಡತಿಯ ಕೈಯಲ್ಲಿ ರಸೀದಿ ಕಂಡ ಮೇಲೆಯೇ ಹಾಲೇಶ ಮೂರನೇ ಸಲ ಕೂಗಿದ. ಈ ಸಲ ಅವನ ದನಿ ಒಡೆಯಿತು.

ಗದ್ದೆಪ್ಪ ಬಗ್ಗಿ ಚಟ್ಟ ಎತ್ತಿದ. ರಾಧಾ ಹೆಣದ ಮೇಲೆ ತೂರಲು ತಂದಿದ್ದ ಮೊರದಿಂದ ಬೊಗಸೆ ತುಂಬ ಮಂಡಾಳು ತೆಗೆದು ಅತ್ತೆಯ ಮೇಲೆ ತೂರಿದಳು. ಅರ್ಧ ಬಂಡೆಮ್ಮನ ಮೇಲೆ ಬಿತ್ತು, ಅರ್ಧ ಗದ್ದೆಪ್ಪನ ರುಮಾಲಿನ ಮೇಲೆ. ಅವನ ಎರಡೂ ಕೈ ಚಟ್ಟದ ಬಿದಿರು ಹಿಡಿದಿದ್ದವು. ಕೊಡವಿಕೊಳ್ಳಲಾಗದೆ, ತಲೆ ತುಂಬ ಬೆಳ್ಳಗೆ ಮಂಡಾಳು ಹೊತ್ತುಕೊಂಡು ಅವನು ಹಲಗೆ ಮೇಳದ ಹಿಂದೆ ನಡೆದ.