ಪಟ್ಟೆ ಸೀಟಿನ ಸ್ಕೂಟರ್

ಸೂಜಿಗೆ ಬೂದು ನೂಲು ಪೋಣಿಸಿಕೊಂಡು, ಸೊಸೆಯ ಜಾಕೆಟ್ಟಿನ ಬಲತೋಳನ್ನು ತೊಡೆಯ ಮೇಲೆ ಹರಡಿ ನಾನು ರಫು ಮಾಡುತ್ತಿದ್ದೆ. ಮೊಣಕೈ ಹತ್ತಿರದ ತೂತು ಆಗಲೇ ಮುಚ್ಚಿತ್ತು. ಎಳೆಗೆ ಎಳೆ ಕೂಡಿಸಿ, ಬೆಳಕಿಗೆ ಹಿಡಿದರೂ ಗೊತ್ತಾಗದ ಹಾಗೆ ಮುಚ್ಚಿದ್ದೆ. ಇನ್ನು ಮಣಿಕಟ್ಟಿನಿಂದ ಮೇಲಕ್ಕೆ ಒಂದು ಗೇಣು ಹರಿದದ್ದು ಬಾಕಿ ಇತ್ತು.

ನಮ್ಮದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಮಗ ಮಿಷನ್ನಿನ ಮೇಲೆ ಕೂರುತ್ತಾನೆ. ಗುಂಡಿ, ಕಾಜಾ, ರಫು ನನ್ನ ಪಾಲು. ಕತ್ತರಿ ಮಾತ್ರ ಸೊಸೆಯದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದು ತಪ್ಪಿದರೆ ಬಟ್ಟೆಯೇ ಹೋಯಿತು. ಆದ್ದರಿಂದ ನಮ್ಮ ಅಂಗಡಿ ನಿಂತಿರುವುದು ಅವಳ ಬಲಗೈಯ ಮೇಲೆ.

ಆ ಕೈ ಈಗ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಅವಳು ಮೇಜಿನ ಪಕ್ಕ ಸ್ಟೂಲಿನಲ್ಲಿ ಕುಳಿತು ಗಂಡನ ಕೈಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡಿಸುತ್ತಿದ್ದಳು.

"ರೀ, ಅಷ್ಟು ಸಡಿಲ ಬಿಡಬೇಡಿ. ಅವರು ಕೇಳಿದ್ದು ಪ್ಯಾಂಟು, ಡೇರೆ ಅಲ್ಲ."

"ನೀನೇ ಹೇಳಿದ್ದಲ್ವೇನೇ, ಒಂದಿಂಚು ಬಿಡಿ ಅಂತ?"

"ನಂದು ಒಂದಿಂಚು. ನಿಮ್ಮದು ಒಂದು ಗೇಣು."

ಒಂಬತ್ತು ದಿನದ ಹಿಂದೆ ಅವಳು ಎಲೆಕ್ಟ್ರಿಕ್ ಸ್ಕೂಟರಿನಿಂದ ಬಿದ್ದಿದ್ದಳು. ಸ್ಕೂಟರ್ ನಮ್ಮದಲ್ಲ. ಗಿರಾಕಿಗಳ ಮನೆಗೆ ಬಟ್ಟೆ ಮುಟ್ಟಿಸಲೆಂದು ಒಂದು ಕಂಪನಿಯಿಂದ ತಿಂಗಳ ಬಾಡಿಗೆಗೆ ತಂದದ್ದು. ತಂದ ದಿನವೇ ಅದಕ್ಕೊಂದು ಸೀಟ್ ಕವರ್ ಹೊಲಿದಳು. ಸೋಫಾ ಬಟ್ಟೆಯ ತುಂಡು ಉಳಿದಿತ್ತು, ನೀಲಿ ಬಿಳಿ ಪಟ್ಟೆ. ಅಂಚಿಗೆ ಹಳದಿ ಪೈಪಿಂಗ್. ನಮ್ಮ ಮನೆಯಲ್ಲಿ ರೇಡಿಯೋದಿಂದ ಹಿಡಿದು ನೀರಿನ ಕ್ಯಾನಿನವರೆಗೆ ಎಲ್ಲದಕ್ಕೂ ಅಂಗಿ ಉಂಟು. ಸ್ಕೂಟರೊಂದು ಬರಿಮೈಯಲ್ಲಿ ನಿಲ್ಲುವುದನ್ನು ಅವಳಿಂದ ನೋಡಲಾಗಲಿಲ್ಲ.

ಇಳಿಜಾರಿನಲ್ಲಿ ಅವಳು ಬ್ರೇಕ್ ಒತ್ತಿದಾಗ ಅದು ಹಿಡಿಯಲೇ ಇಲ್ಲ. ಗಾಡಿ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಮಣಿಕಟ್ಟು ಎರಡು ಕಡೆ ಮುರಿಯಿತು. ಮರುದಿನ ಕಂಪನಿಯವರು ಬಂದು ಗಾಡಿ ಎತ್ತಿಕೊಂಡು ಹೋದರು. ಅವಳು ಕೈಗಿಂತ ಹೆಚ್ಚಾಗಿ ಕವರಿಗೆ ಮರುಗಿದಳು. "ಅದನ್ನಾದ್ರೂ ಬಿಚ್ಚಿಕೊಡಿ ಅಂತ ಕೇಳಬೇಕಿತ್ತು ಅತ್ತೆ. ನನ್ನ ಪೈಪಿಂಗ್ ಅಷ್ಟು ನೇರ ಯಾವತ್ತೂ ಬಂದಿರಲಿಲ್ಲ."

ಇಷ್ಟರಲ್ಲಿ ಬಾಗಿಲಿಗೆ ಕರಿಕೋಟು ಬಂದಳು. ನಾವು ಹಾಗೆ ಕರೆಯುವುದು ಒಬ್ಬ ಎಳೆಯ ವಕೀಲೆಯನ್ನು. ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೂರುತ್ತಾಳೆ. ಅವಳಿಗಿರುವುದು ಒಂದೇ ಕರಿಕೋಟು, ಅದರ ಮೊಣಕೈಯನ್ನು ಮೇಜಿಗೆ ಉಜ್ಜಿ ಉಜ್ಜಿ ವರ್ಷಕ್ಕೆರಡು ಸಲ ನನ್ನ ಹತ್ತಿರ ತರುತ್ತಾಳೆ.

"ಅಜ್ಜಿ, ನನ್ನ ಕೋಟು ಆಯ್ತಾ?"

"ನಾಳೆ ಬಾರಮ್ಮ."

"ನೀವು ಹೋದ ವಾರವೂ ನಾಳೆ ಅಂದಿದ್ರಿ." ಅವಳ ಕಣ್ಣು ನನ್ನ ತೊಡೆಯ ಮೇಲಿನ ಜಾಕೆಟ್ಟಿಗೆ ಬಿತ್ತು, ಆಮೇಲೆ ಸೊಸೆಯ ಪ್ಲಾಸ್ಟರಿಗೆ. "ಇದು ಅಕ್ಕ ಬಿದ್ದಾಗ ಹಾಕ್ಕೊಂಡಿದ್ದ ಜಾಕೆಟ್ಟಾ?"

"ಹೂಂ. ರಕ್ತದ ಕಲೆ ಉಪ್ಪುನೀರಲ್ಲಿ ನೆನೆಸಿ ತೆಗೆದೆ. ಈಗ ಹರಿದಿದ್ದು ಮುಚ್ತಿದೀನಿ. ಮುಗಿದ ಮೇಲೆ ನೋಡು, ಇದನ್ನ ಹಾಕ್ಕೊಂಡು ಬಿದ್ದಿದ್ಲು ಅಂತ ಯಾರೂ ಹೇಳಬಾರದು."

"ಅಲ್ಲೇ ಬಂದಿದ್ದು ತೊಂದರೆ. ಬಿದ್ದಿದ್ದು ಹೌದು ಅಂತ ಯಾರಾದ್ರೂ ಹೇಳ್ಬೇಕಲ್ಲ ಅಜ್ಜಿ? ಆ ಹರಿದ ತೋಳೇ ಹೇಳ್ತಿತ್ತು. ದಯವಿಟ್ಟು ಸೂಜಿ ಕೆಳಗಿಡಿ."

ನಾನು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಬಿಟ್ಟೆ. ಮುಚ್ಚುವುದೇ ನಮ್ಮ ಕಸುಬು. ಹರಿದದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಸೂಜಿಗೆ ಹೋಗುತ್ತದೆ. ಆ ಕೈಯೇ ಸಾಕ್ಷಿಯನ್ನು ಅಳಿಸುತ್ತಿದೆ ಎಂದು ನನಗೆ ಹೊಳೆದಿರಲಿಲ್ಲ.

ಮಗ ಕತ್ತರಿ ಕೆಳಗಿಟ್ಟ. "ಮೇಡಂ, ನಾವು ಬಟ್ಟೆ ಹೊಲಿಯೋರು. ಕೋರ್ಟು ಕಚೇರಿ ಅಲೆಯೋರಲ್ಲ."

"ನಿಮ್ಮನ್ನ ಅಲೆಸೋಕೆ ಬಂದಿಲ್ಲ ಅಣ್ಣ. ಕೋಟಿಗೋಸ್ಕರ ಅಲೀತಿರೋಳು ನಾನು."

ಸೊಸೆ ನಕ್ಕಳು. ಮಗನಿಗೂ ನಗು ಬಂತು, ತಡೆದುಕೊಂಡ. ಅಳತೆ ಪುಸ್ತಕದ ಕೆಳಗಿನಿಂದ ಒಂದು ಕಾಗದ ಎಳೆದು ತೋರಿಸಿದ. "ಕಂಪನಿಯವರು ಒಳ್ಳೇ ಜನ. ಹಣ್ಣು ತಂದು ಮಾತಾಡಿಸಿ ಹೋದ್ರು. ಇದಕ್ಕೊಂದು ಸಹಿ ಹಾಕಿದ್ರೆ ಮೊದಲ ದಿನದ ಆಸ್ಪತ್ರೆ ಬಿಲ್ ಕೊಡ್ತಾರಂತೆ. ಮೂರು ತಿಂಗಳು ಸ್ಕೂಟರ್ ಪುಕ್ಕಟೆ. ಇವಳ ಕೈಗೆ ಪ್ಲಾಸ್ಟರ್ ಇದೆ ಅಂತ ಸಹಿ ನಿಂತಿದೆ. ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ ಅಂದ್ರು."

ಹೆಬ್ಬೆಟ್ಟು ಎಂದ ಕೂಡಲೇ ನಾನು ಕಾಗದಕ್ಕೆ ಕೈ ಚಾಚಿದೆ. ನಾನು ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ರಾತ್ರಿಶಾಲೆಯಲ್ಲಿ. ಅದಕ್ಕೆ ಮೊದಲು ಎಷ್ಟು ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ್ದೆನೋ ಲೆಕ್ಕವಿಲ್ಲ. ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಗಟ್ಟಿಯಾಗಿ ಓದಿದೆ. ಕೊನೆಯ ಸಾಲು ಹೀಗಿತ್ತು: "ಈ ಅಪಘಾತದ ಬಗ್ಗೆ ಇನ್ನು ಮುಂದೆ ನಾನು ಏನನ್ನೂ ಕೇಳುವುದಿಲ್ಲ."

ಕಾಗದವನ್ನು ಮೇಜಿನ ಮೇಲಿಟ್ಟೆ.

"ಅಕ್ಕ," ಎಂದಳು ಕರಿಕೋಟು, "ಗಿರಾಕಿ ಅಳತೆ ಕೊಡೋಕೆ ಮುಂಚೆ ನೀವು ಬಟ್ಟೆ ಕತ್ತರಿಸ್ತೀರಾ?"

"ಹುಚ್ಚೇನು?"

"ಇದೂ ಅಷ್ಟೇ. ಕೈ ಎಷ್ಟು ವಾಸಿಯಾಗುತ್ತೆ, ಎಷ್ಟು ದಿನ ಬೇಕು, ಡಾಕ್ಟರಿಗೇ ಇನ್ನೂ ಗೊತ್ತಿಲ್ಲ. ಅಷ್ಟರಲ್ಲಿ ಎಲ್ಲಾ ಮುಗೀತು ಅಂತ ಬರೆದುಕೊಟ್ಟರೆ ಆಮೇಲೆ ಬಾಯಿ ಬಿಡೋದು ಕಷ್ಟ."

ಸೊಸೆ ತಲೆ ತಗ್ಗಿಸಿದಳು. "ತಪ್ಪು ನಂದೂ ಇದೆಯಮ್ಮ. ಬ್ರೇಕ್ ಹಿಡೀಲಿಲ್ಲ ನಿಜ, ಆದ್ರೆ ಕಾಲ ಹತ್ರ ಬಟ್ಟೆ ಗಂಟು ಇಟ್ಕೊಂಡಿದ್ದೆ. ಅವಸರದಲ್ಲೂ ಇದ್ದೆ."

"ಅದನ್ನೂ ಬರೀರಿ. ಬಚ್ಚಿಡಬೇಡಿ. ನಿಮ್ಮದು ಸ್ವಲ್ಪ ತಪ್ಪಿದೆ ಅಂದ ಮಾತ್ರಕ್ಕೆ ಅವರದ್ದು ಇಲ್ಲ ಅಂತ ಆಗಲ್ಲ. ಯಾರದು ಎಷ್ಟು ಅಂತ ನೋಡೋಕೆ ಬೇರೆಯವರಿದ್ದಾರೆ. ನೀವೇ ಆರೋಪಿ, ನೀವೇ ಜಡ್ಜು ಆಗ್ಬೇಡಿ. ಬ್ರೇಕ್ ಸರಿಯಿಲ್ಲ ಅಂತ ಅವರಿಗೆ ಮೊದಲೇ ಹೇಳಿದ್ರಾ?"

ಸೊಸೆ ಎಡಗೈಯಲ್ಲಿ ಫೋನ್ ತೆಗೆದಳು. ಬೀಳುವ ಮೂರು ದಿನ ಮೊದಲು ಅವಳು ಕಳಿಸಿದ ಮೆಸೇಜು ಅಲ್ಲೇ ಇತ್ತು: ಬ್ರೇಕ್ ಸಡಿಲ ಇದೆ, ನೋಡಿ. ಕೆಳಗೆ ಅವರ ಉತ್ತರ: ನಾಳೆ ಮೆಕ್ಯಾನಿಕ್ ಬರ್ತಾರೆ. ಯಾರೂ ಬಂದಿರಲಿಲ್ಲ.

"ಅವರೂ ನಮ್ಮ ಹಾಗೇ ನಾಳೆ ಅನ್ನೋರು," ಎಂದೆ ನಾನು.

"ನಿಮ್ಮ ನಾಳೆಯಿಂದ ನನ್ನ ಮೊಣಕೈಗೆ ಗಾಳಿ ಆಡುತ್ತೆ ಅಷ್ಟೇ ಅಜ್ಜಿ. ಇವರ ನಾಳೆಯಿಂದ ಅಕ್ಕನ ಕೈ ಮುರೀತು." ಅವಳು ಸ್ಟೂಲ್ ಎಳೆದು ಕೂತಳು. ಕೋಟು ಮರೆತೇ ಹೋಯಿತು. "ಆ ಮೆಸೇಜು ಅಳಿಸಬೇಡಿ. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಾಡಿಗೆಯ ಕರಾರು, ಎಲ್ಲಾ ಒಂದು ಚೀಲದಲ್ಲಿ ಹಾಕಿಡಿ. ಬಿದ್ದಾಗ ಎತ್ತಿದವರು ಯಾರು ಅಂತ ಬರ್ಕೊಳ್ಳಿ. ಪೊಲೀಸರಿಗೆ ಹೇಳಿದ್ರಾ? ಇಲ್ವಾ? ಇವತ್ತೇ ಹೋಗಿ. ತಡ ಯಾಕಾಯ್ತು ಅಂತ ನಿಜ ಹೇಳಿ, ಬರೆಸಿ, ನಕಲು ತಗೊಳ್ಳಿ. ಆಮೇಲೆ ಕಂಪನಿಗೆ ಒಂದು ಪತ್ರ. ಏನಾಯ್ತು, ಏನು ಕೇಳ್ತೀವಿ, ಗಾಡಿಯ ವಿಮೆ ಯಾವುದು, ಆ ಗಾಡಿಯನ್ನ ರಿಪೇರಿ ಮಾಡದೆ ಹಾಗೇ ಇಡಿ ಅಂತ."

"ಪತ್ರಕ್ಕೆ ಅವರು ಜಗ್ಗದಿದ್ರೆ?" ಮಗ ಕೇಳಿದ. ಅವನ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗುತ್ತಿತ್ತು.

"ವಿಮೆಯವರ ಹತ್ರ ಕೇಳಬಹುದು. ಕೆಟ್ಟ ಗಾಡಿ ಬಾಡಿಗೆಗೆ ಕೊಟ್ರು ಅಂತ ಗ್ರಾಹಕರ ದೂರು ಕೊಡೋಕೆ ದಾರಿ ಇದೆಯಾ ನೋಡಬಹುದು. ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗಬಹುದು. ಎದುರುಬದುರು ಕೂತು ಮಾತಾಡಿ ಮುಗಿಸೋಕೂ ಆಗುತ್ತೆ, ಆದ್ರೆ ಬರವಣಿಗೆಯಲ್ಲಿ. ಯಾವುದು ನಿಮಗೆ ಹೊಂದುತ್ತೆ ಅಂತ ಕಾಗದ ನೋಡಿ ಹೇಳ್ತೀನಿ. ಕೇಂದ್ರದಲ್ಲಿ ಫೀಸಿಲ್ಲ. ಗೆದ್ದೇ ಗೆಲ್ತೀರಿ ಅಂತ ನಾನು ಹೇಳಲ್ಲ ಅಣ್ಣ. ಕೇಳೋ ಹಕ್ಕು ಇದೆ ಅಂತ ಹೇಳ್ತೀನಿ. ಆ ಹಕ್ಕಿಗೊಂದು ಗಡುವು ಇದೆ, ದಾಟಿದ್ರೆ ನಾನೂ ಏನೂ ಮಾಡೋಕಾಗಲ್ಲ."

"ಮತ್ತೆ ನಾನು ಮುಚ್ಚಿದ ಮೊಣಕೈ?" ನನಗೆ ಅದೇ ಚಿಂತೆ.

"ಅರ್ಧ ಮುಚ್ಚಿದ್ದೀನಿ ಅಂತ ಅದನ್ನೂ ಹೇಳೋಣ. ಇರೋದನ್ನ ಇರೋ ಹಾಗೆ ಇಡಿ."

ಅವತ್ತೇ ಮಗ ಹೆಂಡತಿಯನ್ನು ಠಾಣೆಗೆ ಕರೆದುಕೊಂಡು ಹೋದ. ತಡವಾಗಿ ಬಂದಿರೆಂದು ಗದರಿಸಿದರು, ಆದರೆ ಬರೆದುಕೊಂಡರು. ಪತ್ರ ಬರೆದದ್ದು ನಾನು. ಸೊಸೆ ಹೇಳುತ್ತಾ ಹೋದಳು, ನಾನು ಕತ್ತರಿಸುವ ಮೇಜಿನ ಮೇಲೆ ಬಗ್ಗಿ ಬರೆಯುತ್ತಾ ಹೋದೆ. ಮೂರು ಸಲ ಹರಿದು ಹಾಕಿ ನಾಲ್ಕನೆಯದು ನಿಂತಿತು. ನನ್ನನ್ನು ರಾತ್ರಿಶಾಲೆಗೆ ಕೈಹಿಡಿದು ಬಿಟ್ಟು ಬಂದವಳು ಇವಳೇ. "ಹೋಗಿ ಅತ್ತೆ, ಕಾಜಾ ನಾನು ಹಾಕ್ತೀನಿ," ಎಂದು ದಿನಾ ನೂಕುತ್ತಿದ್ದಳು. ಅವಳಿಗೆ ಬರೆಯಲಾಗದ ಹೊತ್ತಿನಲ್ಲಿ ನನ್ನ ಕೈ ನೆರವಿಗೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಕಾಗದದ ನಕಲು ಮಾಡಿಸಿ, ಲಕೋಟೆಯ ಮೇಲೆ ವಿಳಾಸವನ್ನೂ ಬರೆದಾಯಿತು. ಉಳಿದಿದ್ದು ಅವಳ ಸಹಿ.

"ನಾಳೆ ಹಾಕ್ತೀನಿ ಅತ್ತೆ."

ದರ್ಜಿ ಅಂಗಡಿಯ ನಾಳೆ ನಿಮಗೆ ಗೊತ್ತೇ ಇದೆ. ಒಂದು ವಾರ ಹೋಯಿತು, ಮೂರಾಯಿತು. ಲಕೋಟೆ ಗುಂಡಿ ಡಬ್ಬಿಯ ಕೆಳಗೇ ಇತ್ತು. ಎಡಗೈಯಲ್ಲಿ ಹಾಕಿದರೆ ಸಹಿ ಸೊಟ್ಟ ಬರುತ್ತದೆ ಎಂದಳು. ಪ್ಲಾಸ್ಟರ್ ತೆಗೆಯಲಿ ಎಂದಳು. ಹಣ್ಣು ತಂದ ಮನುಷ್ಯನ ಕೆಲಸಕ್ಕೆ ಕುತ್ತು ಬಂದರೆ ಎಂದಳು. ಕರಿಕೋಟು ಎರಡು ಸಲ ಬಂದು ಗಡುವು ನೆನಪಿಸಿ ಹೋದಳು.

ಪ್ಲಾಸ್ಟರ್ ತೆಗೆದ ಮರುದಿನ ಬೆಳಿಗ್ಗೆ ಸೊಸೆ ಮೇಜಿನ ಮೇಲೆ ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿ ಎತ್ತಿಕೊಂಡಳು. ಬೆರಳು ಮಡಿಚಲಿಲ್ಲ. ಕತ್ತರಿ ಜಾರಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಬಿತ್ತು.

"ರೀ, ಇದು ಮೊಂಡಾಗಿದೆ. ಸಾಣೆ ಹಿಡಿಸ್ಕೊಂಡು ಬನ್ನಿ," ಎಂದಳು ಗೋಡೆ ಕಡೆ ತಿರುಗಿ.

ಕತ್ತರಿ ಚೂಪಾಗಿಯೇ ಇತ್ತು. ಮಗ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಸಾಣೆ ಹಿಡಿಸಿಕೊಂಡೇ ಬಂದ. ಡಾಕ್ಟರು ಆರು ತಿಂಗಳು ವ್ಯಾಯಾಮ ಮಾಡಿಸಬೇಕು, ಆಗಲೂ ಬೆರಳು ಮಡಿಚದಿದ್ದರೆ ಇನ್ನೊಂದು ಆಪರೇಷನ್ ಎಂದರು. ಅಂದಿನಿಂದ ಮಗನೇ "ಸಹಿ ಹಾಕೇ, ಕಳಿಸೋಣ" ಎನ್ನತೊಡಗಿದ. ಅವಳು ಮಾತ್ರ ಲಕೋಟೆಯ ಕಡೆ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ಕುಳಿತು ಬಲಗೈಯಲ್ಲಿ ಸ್ಪಂಜಿನ ಉಂಡೆ ಹಿಸುಕುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ನಿಂತಳು.

"ಅತ್ತೆ, ನನ್ನ ಕವರು."

ಬೀದಿಯಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ನೀಲಿ ಬಿಳಿ ಪಟ್ಟೆಯ ಸೀಟು, ಹಳದಿ ಪೈಪಿಂಗ್. ಓಡಿಸುತ್ತಿದ್ದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಸೊಸೆ ರಸ್ತೆಗಿಳಿದು ಎಡಗೈ ಅಡ್ಡ ಹಿಡಿದಳು. ಆ ಹೆಂಗಸು ಬ್ರೇಕ್ ಒತ್ತಿದಳು. ಗಾಡಿ ನಿಲ್ಲಲಿಲ್ಲ. ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತಾ, ನಮ್ಮ ಬಾಗಿಲು ದಾಟಿ, ಪಕ್ಕದ ಅಂಗಡಿಯ ಮುಂದೆ ನಿಲ್ಲಿಸಿದಳು.

"ಬ್ರೇಕ್ ಸ್ವಲ್ಪ ಲೂಸು ಅಕ್ಕ. ನಾಳೆ ಮೆಕ್ಯಾನಿಕ್ ಬರ್ತಾರಂತೆ," ಎಂದಳು ನಗುತ್ತಾ. "ಹೋದ ವಾರ ಬಾಡಿಗೆಗೆ ತಗೊಂಡೆ. ಸೀಟು ಚೆನ್ನಾಗಿದೆ ಅಂತ ಇದನ್ನೇ ಆರಿಸ್ಕೊಂಡೆ."

ಸೊಸೆ ಹತ್ತಿರ ಹೋದಳು. ತಾನು ಹೊಲಿದ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದಳು. "ತಾಯಿ, ಮೊದಲು ಇದರಿಂದ ಇಳಿ," ಎಂದಳು. ತನ್ನ ಮಣಿಕಟ್ಟು ತೋರಿಸಿ ಎಲ್ಲವನ್ನೂ ಹೇಳಿದಳು. ಗಾಡಿಯ, ನಂಬರಿನ, ಬ್ರೇಕಿನ ಫೋಟೋ ತೆಗೆಸಿದಳು. ಆ ಹೆಂಗಸು ತನ್ನ ಹೆಸರು, ಫೋನ್ ನಂಬರ್ ಬರೆದುಕೊಟ್ಟು, ಗಾಡಿ ಅಲ್ಲೇ ನಿಲ್ಲಿಸಿ, ವಾಪಸ್ ತೆಗೆದುಕೊಂಡು ಹೋಗಲು ಕಂಪನಿಗೆ ಫೋನ್ ಮಾಡಿ ನಡೆದು ಹೋದಳು.

ಸೊಸೆ ನೇರ ಒಳಗೆ ಬಂದು ಗುಂಡಿ ಡಬ್ಬಿ ಎತ್ತಿದಳು.

"ಪೆನ್ನು ಕೊಡಿ ಅತ್ತೆ. ನನ್ನ ಕೈಯೊಂದೇ ಅಂದ್ಕೊಂಡಿದ್ದೆ. ನಾನು ಬಾಯಿ ಮುಚ್ಕೊಂಡು ಕೂತರೆ ನಾಳೆ ಅವಳು ಬೀಳ್ತಾಳೆ."

ಆಗಷ್ಟೇ ಕಂಡದ್ದನ್ನೂ ಪತ್ರದ ಕೆಳಗೆ ಸೇರಿಸಿದೆ. ಅವಳು ಪೆನ್ನನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು, ನಾಲಿಗೆ ತುದಿ ಕಚ್ಚಿಕೊಂಡು ಸಹಿ ಹಾಕಿದಳು. ಒಂದಕ್ಷರ ಮೇಲೆ, ಇನ್ನೊಂದು ಕೆಳಗೆ.

"ನಿಮ್ಮ ಮೊದಲ ದಿನದ ಸ್ಲೇಟಿನ ಹಾಗಿದೆ," ಎಂದಳು.

"ನನ್ನದು ಇದಕ್ಕಿಂತ ಚೆನ್ನಾಗಿತ್ತು ಕಣೆ," ಎಂದೆ.

ಸೇರಿಸಿದ್ದರ ನಕಲನ್ನೂ ಮಾಡಿಸಿಕೊಂಡು ಮೂವರೂ ಅಂಗಡಿಗೆ ಬೀಗ ಹಾಕಿ ಅಂಚೆ ಕಚೇರಿಗೆ ಹೊರಟೆವು. ದಾರಿಯಲ್ಲಿ ಕರಿಕೋಟಿಗೆ ಫೋನ್ ಮಾಡಿದೆ. "ನಾಳೆ ಬಾರಮ್ಮ, ಕೋಟು ರೆಡಿ," ಎಂದೆ. ಅವಳು ನಂಬಲಿಲ್ಲ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕೌಂಟರಿನ ಮುಂದೆ ಏಳೆಂಟು ಜನ ಇದ್ದರು. ಸಾಲು ಮುಂದೆ ಸರಿಯುವಷ್ಟರಲ್ಲಿ ನಿಮಗೊಂದು ಮಾತು ಹೇಳುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಗಾಡಿಯಿಂದ ಬಿದ್ದು ಪೆಟ್ಟು ಮಾಡಿಕೊಂಡರೆ, ಸ್ವಂತ ಗಾಡಿಯಾಗಲಿ ಬಾಡಿಗೆಯದಾಗಲಿ, ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಠಾಣೆಗೆ. ಹರಿದ ಬಟ್ಟೆಯನ್ನು ಒಗೆಯಬೇಡಿ, ಹೊಲಿಯಬೇಡಿ; ನನ್ನಂಥವಳ ಕೈಗಂತೂ ಕೊಡಲೇಬೇಡಿ. ಮುರಿದ ಗಾಡಿಯನ್ನು ಫೋಟೋ ತೆಗೆಯದೆ ಯಾರಿಗೂ ಒಪ್ಪಿಸಬೇಡಿ. ಹಣ್ಣು ತಂದವರಿಗೆ ನೀರು ಕೊಡಿ, ಸಹಿ ಕೊಡಬೇಡಿ. ಓದಲು ಬಾರದಿದ್ದರೆ ಓದುವವರು ಬರುವ ತನಕ ಕಾಯಿರಿ. ನಿಮ್ಮ ಊರಿನಲ್ಲಿ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ, ಗಡುವು ಎಷ್ಟು ದಿನ ಎಂದು ಇವತ್ತೇ ಕೇಳಿಕೊಳ್ಳಿ. ನಾಳೆ ಎನ್ನುವುದನ್ನು ನಮ್ಮಂಥ ದರ್ಜಿಗಳಿಗೆ ಬಿಟ್ಟುಬಿಡಿ.

ನಮ್ಮ ಸರದಿ ಬಂತು. ಗುಮಾಸ್ತ ಲಕೋಟೆ ತೂಗಿ, ಮುದ್ರೆ ಒತ್ತಿ, ಹಿಂದಿನ ಚೀಲಕ್ಕೆ ಹಾಕಿ ರಸೀದಿ ಚಾಚಿದ. ಸೊಸೆ ಅದನ್ನು ತೆಗೆದುಕೊಳ್ಳಲು ಬಲಗೈಯನ್ನೇ ಮುಂದೆ ಮಾಡಿದಳು. ಬೆರಳು ಎಷ್ಟು ಮಡಿಚಿತೋ ಅಷ್ಟರಲ್ಲೇ ಹಿಡಿದುಕೊಂಡಳು, ಮನೆ ಮುಟ್ಟುವವರೆಗೆ ಕೈ ಬದಲಿಸಲಿಲ್ಲ.