ಎಂಟನೆಯ ದಿನದ ತಟ್ಟೆಗಳು

"ಇಲ್ಲೇ ನಿಲ್ಸಪ್ಪ," ಎಂದು ಸತ್ತವಳ ತಮ್ಮ ಗಾಡಿ ಚಾಲಕನ ಭುಜ ತಟ್ಟಿದ. "ಬೀಜ ಪರೀಕ್ಷೆ ಆಫೀಸಿನ ಮುಂದೆ."

"ಹೆಣ ಇಟ್ಕೊಂಡು ದಾರೀಲಿ ನಿಲ್ಸೋ ಹಾಗಿಲ್ಲ ಸಾರ್."

"ನಿಲ್ಸು," ಹಿಂದಿನಿಂದ ಭಾವ ಹೇಳಿದರು. "ಮೂವತ್ತು ವರ್ಷದಲ್ಲಿ ನನ್ ಹೆಂಡ್ತಿ ಒಂದು ದಿನಾನೂ ಒಳಗೆ ಹೋಗ್ದೆ ಈ ಗೇಟು ದಾಟಿ ಮುಂದೆ ಹೋದೋಳಲ್ಲ."

ಆಫೀಸಿನೊಳಗೆ ಅಕ್ಕ ಕಳೆದ ವಾರ ಜೋಡಿಸಿಟ್ಟ ಹದಿನಾರು ತಟ್ಟೆಗಳಿದ್ದವು. ಒದ್ದೆ ಕಾಗದದ ಮೇಲೆ, ತಟ್ಟೆಗೆ ಇಪ್ಪತ್ತೈದರಂತೆ ನಾನೂರು ಗೋಧಿ ಕಾಳು. ರೋಗವಿದ್ದರೆ ಏಳು ದಿನದಲ್ಲಿ ಬೂಷ್ಟು ಏಳುತ್ತದೆ, ಎಂಟನೆಯ ದಿನವೇ ನೋಡಬೇಕು. ಇವತ್ತು ಎಂಟನೆಯ ದಿನ. ತಪ್ಪಿದರೆ ಮತ್ತೆ ಮೊದಲಿಂದ, ಅಷ್ಟರಲ್ಲಿ ಬಿತ್ತನೆಯ ಹದ ಮುಗಿದಿರುತ್ತದೆ. ಕಾಳು ತಮ್ಮನದೇ. ಪಾಸಾದರೆ ನೂರು ಹೊಲಕ್ಕೆ ಬೀಜ, ಇಲ್ಲದಿದ್ದರೆ ಅವನ ವರ್ಷದ ದುಡಿಮೆ ನೀರಿನಲ್ಲಿ ಹೋಮ.

* * *

ಹನ್ನೆರಡು ವರ್ಷದ ಹಿಂದೆಯೂ ತಮ್ಮನ ಕಾಳು ಹೀಗೇ ಪರೀಕ್ಷೆಗೆ ಬಂದಿತ್ತು. ಅಕ್ಕ ಇಡೀ ರಾಶಿಯನ್ನು ತಿರಸ್ಕರಿಸಿದ್ದಳು.

"ನಾನೂರರಲ್ಲಿ ಒಂದು ಕಾಳು ಕಣೇ. ನಾನು ನಿನ್ನ ಒಡಹುಟ್ಟಿದೋನು."

"ಬೂಷ್ಟಿಗೆ ಅದೆಲ್ಲ ಗೊತ್ತಾಗಲ್ಲ ಕಣೋ. ಒಂದು ಕಾಳು ಒಳಗೆ ಬಿಟ್ಟರೆ ಸಾಕು, ಊರೆಲ್ಲ ನೆಂಟಸ್ತನ ಬೆಳೆಸುತ್ತೆ."

ಅವನು ಎರಡು ವರ್ಷ ಮಾತು ಬಿಟ್ಟ. ಅವಳಿಗೆ ಬೂಷ್ಟಕ್ಕ ಎಂದು ಹೆಸರಿಟ್ಟವನೂ ಅವನೇ. ಆಮೇಲೊಮ್ಮೆ, ಪರೀಕ್ಷೆ ಮಾಡಿಸದೆ ಬಿತ್ತಿದ ಪಕ್ಕದೂರಿನ ಪೈರೆಲ್ಲ ಕಪ್ಪಾಗಿ ನಿಂತದ್ದನ್ನು ಕಣ್ಣಾರೆ ಕಂಡು, ಮೂಟೆ ಹೊತ್ತು ಅವಳ ಬಾಗಿಲಿಗೆ ಬಂದ. ಅವಳು ಹಂಗಿಸಲಿಲ್ಲ. ಮೂಟೆಗೆ ಪರೀಕ್ಷೆಯ ಚೀಟಿ ಬರೆದುಕೊಂಡಳು.

* * *

ಅಕ್ಕನ ಜೊತೆ ಇಪ್ಪತ್ತು ವರ್ಷ ದುಡಿದ ಸಹಾಯಕಿ ಸೂಕ್ಷ್ಮದರ್ಶಕದಿಂದ ಮುಖ ಎತ್ತಿದಳು. "ಹನ್ನೊಂದನೇ ತಟ್ಟೆ. ಒಂದು ಕಾಳು."

"ಇನ್ನೊಂದ್ಸಲ ನೋಡಿ," ಎಂದ ತಮ್ಮ.

"ಎರಡು ಸಲ ನೋಡ್ದೆ. ಅವರು ಕಲಿಸಿದ್ದೇ ಹಾಗೆ." ಅವಳ ಕಣ್ಣು ತುಂಬಿತ್ತು. "ಇವತ್ತಿನ ದಿನ ಹೇಗೆ ಬರೀಲಿ? ಬರೀದಿದ್ರೆ ಯಾರಿಗೂ ಗೊತ್ತಾಗಲ್ಲ."

ಅವನು ಕಿಟಕಿಯಾಚೆ ನಿಂತ ಹೆಣದ ಗಾಡಿಯನ್ನು ನೋಡಿದ. ಹೋದ ದುಡಿಮೆಯ ನೋವಿಗಿಂತ ಹೆಚ್ಚಾಗಿ, ಇಂಥವಳು ನನ್ನ ಅಕ್ಕ ಎಂಬ ಹೆಮ್ಮೆ ಉಕ್ಕಿಬಂತು.

"ಬಾಗಿಲಲ್ಲೇ ಇದಾಳಲ್ಲಮ್ಮ ಬೂಷ್ಟಕ್ಕ," ಎಂದ. "ಬರೀರಿ. ಕೆಂಪು ಬಣ್ಣದ ಕುಂಚ ಕೊಡಿ ಇಲ್ಲಿ."

ಉಗ್ರಾಣದಲ್ಲಿದ್ದ ತನ್ನ ನಲವತ್ತು ಮೂಟೆಗಳ ಮೇಲೂ ಅವನೇ ತಿರಸ್ಕಾರದ ಕೆಂಪು ಗೀಟು ಎಳೆದ.

ಗಾಡಿ ಮಸಣ ತಲುಪಿದಾಗ ಭಾವ ಬಣ್ಣ ಮೆತ್ತಿದ ಅವನ ಕೈ ನೋಡಿದರು. ಪಕ್ಕಕ್ಕೆ ಸರಿದು, ಹೆಗಲು ಕೊಡುವ ಮುಂದಿನ ಜಾಗ ಬಿಟ್ಟುಕೊಟ್ಟರು. ಕಣ್ಣೊರೆಸಿಕೊಂಡು ಕೆನ್ನೆಗೂ ಕೆಂಪು ಬಳಿದುಕೊಂಡಿದ್ದ ತಮ್ಮ, ಅದೇ ಕೈಯಲ್ಲಿ ಅಕ್ಕನ ಶವಪೆಟ್ಟಿಗೆ ಎತ್ತಿದ.